ಹಸನು ಮಾಡಿದ ತೋಪು

ಫೆಬ್ರವರಿ 9, 1982. ಮಂಗಳವಾರ

ಅಟ್ಟದಿಂದ ಕಾಯಿ ಇಳಿಸುವುದು ಇವತ್ತಿಗೆ ಮುಗಿಯಿತು. ಕಣ್ಣು, ಮೂಗು, ತಲೆಗೂದಲು ಎಲ್ಲ ಧೂಳು. ಹೋದ ವರ್ಷ ಹಾಕಿದ್ದ ಕಾಯಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಟಲೊಟ ಎನ್ನಬೇಕು, ಆಮೇಲೆ ಇಳಿಸಬೇಕು. ನಮ್ಮ ಯಜಮಾನರು ಕೆಳಗೆ ನಿಂತು ಹಿಡಿಯುತ್ತಾರೆ, ಅಷ್ಟೇ. ಅಲ್ಲಾಡಿಸಿ ನೋಡುವುದು ನನ್ನ ಕೆಲಸ. ಅವರಿಗೆ ತಾಳ್ಮೆ ಇದೆ, ಕಿವಿ ಇಲ್ಲ.

ಏಣಿಯ ಮೇಲಿದ್ದಾಗಲೇ ಶಂಭು ಬಂದ. ನನ್ನ ತಮ್ಮ ಬರುವ ಮುಂಚೆ ಅವನ ರಾಜದೂತ್ ಬೈಕಿನ ಹೊಗೆ ಬರುತ್ತದೆ. ಕಾಫಿ ಬೇಡ ಎಂದ. ಏನೋ ಕೆಲಸ ಇಟ್ಟುಕೊಂಡೇ ಬಂದಿದ್ದಾನೆ ಎಂದುಕೊಂಡೆ.

"ಅಕ್ಕ, ತೋಪು ಹಸನು ಮಾಡ್ಸಾಣ ಅಂತಿದೀನಿ ಕಣಕ್ಕ. ಬರೀ ಲಂಟಾನ, ಕತ್ತಾಳೆ. ಹಾವು ಸೇರ್ಕಂಡವೆ."

"ಮಾಡ್ಸು. ಬ್ಯಾಡ ಅಂದೋರ್ಯಾರು?"

"ನಿಮ್ ಬೀದಿ ಹೆಂಗಸ್ರು. ಆ ಹನುಮಂತಮ್ಮ ಕುಡ್ಲು ಹಿಡ್ಕಂಡು ನಿಂತವ್ಳೆ, ಗಿಡ ಮುಟ್ಟಕ್ಕೆ ಬುಡಲ್ಲ ಅಂತ. ನೀನೊಂದು ಮಾತು ಹೇಳು. ದ್ರಾಕ್ಷಾಯಣಮ್ಮ ಹೇಳುದ್ರೆ ಇಲ್ಲ ಅನ್ನೋರುಂಟಾ?"

ಹೊಗಳಿದರೆ ಹೊನ್ನಶೂಲ ಎನ್ನುತ್ತಾರೆ. ಆದರೂ ಹಿತವಾಯಿತು. ಹೇಳುತ್ತೇನೆ ಎಂದೆ.

ಫೆಬ್ರವರಿ 14. ಭಾನುವಾರ

ಹುಣಸೆಮರದ ಕೆಳಗೆ ಎಲ್ಲರನ್ನೂ ಸೇರಿಸಿ ಹೇಳಿದೆ. ಗುಂಡುತೋಪು ಯಾರಪ್ಪನ ಆಸ್ತಿಯೂ ಅಲ್ಲ, ಊರಿನದು. ಮಾವು, ಹೊಂಗೆ, ಹಿಪ್ಪೆ, ನಡುವೆ ಈ ಹುಣಸೆ. ನಮ್ಮ ಬೀದಿಯ ಹೆಂಗಸರಿಗೆ ಅದೇ ಹಜಾರ. ರಾಗಿ ಒಣಗಿಸುವುದು ಅಲ್ಲಿ, ಜಗಳವಾಡುವುದು ಅಲ್ಲಿ, ರಾಜಿಯಾಗುವುದೂ ಅಲ್ಲೇ. ಹನುಮಂತಮ್ಮನಿಗಂತೂ ಅದೇ ಅನ್ನ. ಹೊಂಗೆಯ ನೆರಳಲ್ಲಿ ಕೂತು ತೆಂಗಿನ ಸೋಗೆ ಹೆಣೆದು ಮಾರುತ್ತಾಳೆ, ಗಂಡ ಹೋದಾಗಿನಿಂದ.

ಹನುಮಂತಮ್ಮ ಕೇಳಿದಳು: "ನಿನ್ ತಮ್ಮ ಏನೂ ಇಲ್ದೆ ಹಸನು ಮಾಡ್ತಾನಾ ಕಣಮ್ಮ?"

"ನಾನಿದೀನಲ್ಲ" ಎಂದೆ.

ಅಷ್ಟೇ ಸಾಕಾಯಿತು. ಎಲ್ಲರೂ ಸೆರಗು ಕಟ್ಟಿ ಕೆಲಸಕ್ಕೆ ಇಳಿದರು. ಲಂಟಾನ ಕಡಿದು ಬೆಂಕಿ ಹಾಕಿದೆವು. ಶಂಭು ಪಾನಕ ಮಾಡಿಸಿ ತಂದಿದ್ದ. ಅವನ ಹೆಂಡತಿ ಸರ್ವಮಂಗಳ ಲೋಟ ಹಂಚಿದಳು. ಸಂಜೆ ನೋಡಿದರೆ ಆ ತುದಿಯ ನಮ್ಮ ತವರುಮನೆಯ ಜಗಲಿ ಈ ತುದಿಗೆ ಕಾಣಿಸುತ್ತಿತ್ತು. ಎಷ್ಟು ವರ್ಷವಾಗಿತ್ತು.

ಅವ್ವ ಸತ್ತಾಗ ಶಂಭುವಿಗೆ ಹತ್ತು ತಿಂಗಳು. ಸೊಂಟದ ಮೇಲೆ ಹೊತ್ತು ಇದೇ ತೋಪಿನಲ್ಲಿ ತಿರುಗಿಸುತ್ತಿದ್ದೆ. ಅವನು ಮೊದಲ ಹೆಜ್ಜೆ ಇಟ್ಟದ್ದು ಈ ಮಾವಿನ ಬೇರಿನ ಮೇಲೆ. ಅಪ್ಪನೂ ಹೋದ ಮೇಲೆ ತವರು ಎಂದರೆ ಅವನೊಬ್ಬನೇ.

ಮಾರ್ಚ್ 2

ಕಲ್ಲು ನೆಟ್ಟಿದ್ದಾರೆ.

ಬೆಳಗ್ಗೆ ಬಾಗಿಲು ಸಾರಿಸಲು ಹೋದರೆ ತೋಪಿನಲ್ಲಿ ಸರಪಳಿ ಎಳೆಯುತ್ತಿದ್ದಾರೆ. ಗೇಣುದ್ದದ ಕಲ್ಲು, ಅದಕ್ಕೆ ಸುಣ್ಣ, ಸುಣ್ಣದ ಮೇಲೆ ನಂಬರು. ಬೀದಿಯ ಬಾಯಲ್ಲಿ ಬೋರ್ಡು — ಹೊಸಬೆಳಕು ಗೃಹ ನಿರ್ಮಾಣ ಸಂಘ. ಸೆಕ್ರೆಟರಿ: ಶಂಭುಲಿಂಗಯ್ಯ. ಇಪ್ಪತ್ತೆಂಟು ಸೈಟುಗಳು ಲಭ್ಯ.

ಹನುಮಂತಮ್ಮ ಬೋರ್ಡು ಓದಲಾರಳು. ನನ್ನಿಂದಲೇ ಓದಿಸಿದಳು. ಎಲ್ಲ ಕೇಳಿಸಿಕೊಂಡು, "ಚೆನ್ನಾಗಿ ಹಸನು ಮಾಡ್ದ ಬುಡವ್ವ ನಿನ್ ತಮ್ಮ" ಎಂದು ಹೊರಟುಹೋದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಓಡಿಹೋದೆ ತವರಿಗೆ. ಶಂಭು ದೋಸೆ ತಿನ್ನುತ್ತಿದ್ದ.

"ಹಸನು ಮಾಡ್ತೀನಿ ಅಂದಿದ್ಯಲ್ಲೋ."

"ಹಸನು ಮಾಡ್ದೆ. ಹಸನು ಮಾಡಿದ ನೆಲಾನ ಬಿತ್ತದೆ ಖಾಲಿ ಬುಡಕ್ಕಾಯ್ತದಾ ಅಕ್ಕ?" ಎಂದು ನಕ್ಕ. ಬಾಯಲ್ಲಿ ದೋಸೆ ಇಟ್ಟುಕೊಂಡೇ ನಕ್ಕ. "ನಿಂಗೂ ಒಂದು ಸೈಟು ಎತ್ತಿಟ್ಟಿದೀನಿ ಕಣಕ್ಕ, ಕಾರ್ನರ್‌ದು."

ಸರ್ವಮಂಗಳ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ತಿರುಗಲಿಲ್ಲ.

ಮಾರ್ಚ್ 11

ಮಾವು ಬಿತ್ತು. ಎರಡು ಹೊಂಗೆ, ಆಮೇಲೆ ಮಾವು. ಹೂವು ಬಿಟ್ಟಿದ್ದ ಮರ. ಲಾರಿಗೆ ಹೇರುವಾಗ ಹೂವು ರಸ್ತೆಯುದ್ದಕ್ಕೂ ಉದುರಿತು. ಬೀದಿಯವರು ಯಾರೂ ನನ್ನ ಹತ್ತಿರ ಬಂದು ಅಳಲಿಲ್ಲ. ಅವರವರ ಬಾಗಿಲಲ್ಲಿ ನಿಂತು ನೋಡಿದರು. ಸಂಜೆ ನಲ್ಲಿಯ ಹತ್ತಿರ ಹೋದರೆ ಮಾತು ನಿಂತಿತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇವನು ತೋಪು ಕಡಿದದ್ದು ಒಂದು. ನನ್ನ ಬಾಯಿಂದ ಹೇಳಿಸಿ ಕಡಿದದ್ದು ಇನ್ನೊಂದು. ಮೊದಲನೆಯದನ್ನು ಊರು ನೋಡಿಕೊಳ್ಳಲಿ. ಎರಡನೆಯದು ನನ್ನದು. ಇದೇ ತೋಪಿನಲ್ಲಿ, ಇದೇ ಜನದ ಮುಂದೆ ಅವನ ತಲೆ ತಗ್ಗಿಸಿಯೇ ತೀರುತ್ತೇನೆ. ನಾನೇ ಹಾಲು ಕುಡಿಸಿದ ಮೂತಿ ಎಂದು ಬಿಡುವವಳಲ್ಲ.

ಉಳಿದಿರುವುದು ಹುಣಸೆ, ಹಿಪ್ಪೆ, ನಾಲ್ಕು ಹೊಂಗೆ. ಮನೆ ಏಳುವಾಗ ಅವೂ ಹೋಗುತ್ತವಂತೆ.

ಏಪ್ರಿಲ್ 6

ಹೊನ್ನವಳ್ಳಿ ಬಸ್ಸು ಹಿಡಿದು ತಿಪಟೂರಿಗೆ ಹೋಗಿದ್ದೆ. ಜೊತೆಗೆ ಬಂದವಳು ಹನುಮಂತಮ್ಮ ಒಬ್ಬಳೇ. "ನಿಂಗೋಸ್ಕರ ಅಲ್ಲ, ನನ್ ನೆಳ್ಳಿಗೆ" ಎಂದಳು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ತಾಲೂಕು ಕಚೇರಿಯಲ್ಲಿ ಕನ್ನಡಕದ ಸಾಹೇಬರೊಬ್ಬರು ಕುರ್ಚಿ ಕೊಟ್ಟು ಕೂರಿಸಿ ನಮ್ಮ ದೂರು ಕೇಳಿದರು. ಒಳ್ಳೆಯವರೇ. "ಅದು ಖರಾಬು ಜಮೀನು ಕಣಮ್ಮ. ಏನೂ ಬೆಳೆಯಲ್ಲ ಅಂತ ರೆಕಾರ್ಡ್ ಇದೆ. ನಾಲ್ಕು ಜನ ಮನೆ ಕಟ್ಕೊಂಡ್ರೆ ನಿಮಗೇನು ನಷ್ಟ?"

"ಮರ ಇದ್ವಲ್ಲ ಸಾರ್."

"ಮರ ಬೆಳೆ ಅಲ್ಲಮ್ಮ."

ವಾಪಸ್ಸು ಬರುವಾಗ ಹನುಮಂತಮ್ಮ ನನ್ನ ಪಕ್ಕದ ಸೀಟಿಗೆ ಬಂದು ಕೂತಳು. "ಸಸಿ ಇಟ್ಟೋರು ನಮ್ ತಾತ, ಮುತ್ತಾತ. ಏನೂ ಬೆಳೆಯಲ್ವಂತೆ" ಎಂದು ಕಿಟಕಿಯ ಕಡೆ ನೋಡುತ್ತಾ ಹೇಳಿದಳು. ರಸ್ತೆಯ ಎರಡೂ ಕಡೆ ತೆಂಗು, ಕಣ್ಣು ಹಾಯುವವರೆಗೂ ತೆಂಗು. ಈ ಸೀಮೆಯಲ್ಲಿ ಎಡವಿ ಬಿದ್ದರೂ ತೆಂಗಿನ ಬುಡಕ್ಕೇ ಬೀಳಬೇಕು.

ಅಲ್ಲಿಂದ ಮನೆಗೆ ಬರುವವರೆಗೆ ಆ ಬುಡಗಳನ್ನೇ ಎಣಿಸುತ್ತಾ ಬಂದೆ.

ಜೂನ್ 20

ಸೈಟುಗಳು ಹೋಗುತ್ತಿವೆ. ಹಂದನಕೆರೆಯವರು ಇಬ್ಬರು, ಅರಳಗುಪ್ಪೆಯವರು ಮೂವರು. ಎಲ್ಲ ತೋಟವಿದ್ದವರೇ. ಮಕ್ಕಳನ್ನು ಪೇಟೆಯಲ್ಲಿ ಓದಿಸಲು ಪೇಟೆಗೆ ಹತ್ತಿರ ಮನೆ ಬೇಕಂತೆ. ಲೇಔಟ್ ಪ್ಲಾನು ಪಾಸಾಗುವುದು ಬರುವ ವರ್ಷವಂತೆ.

ಯಜಮಾನರು ಹೇಳಿದರು: "ಬುಟ್ಬುಡೇ. ಒಡಹುಟ್ಟಿದೋನು. ನಾಳೆ ಹಬ್ಬ ಹರಿದಿನಕ್ಕೆ ಬಾಗ್ಲಿಗೆ ಬರೋನು ಅವ್ನೇ."

"ಅಟ್ಟಕ್ಕೆ ಹಾಕಿದ ಕಾಯೀನ ಮೂರನೇ ತಿಂಗ್ಳಿಗೇ ಇಳ್ಸಿ ಒಡೀತೀರಾ?" ಎಂದೆ.

"ಕೊಬ್ರಿ ಮಾತು ಬೇರೆ ಕಣೇ."

ಬೇರೆ ಏನಲ್ಲ. ಒಳಗಿನ ನೀರು ಇಂಗಬೇಕು. ಅಲ್ಲಿಯವರೆಗೆ ಅಲ್ಲಾಡಿಸಬಾರದು.

ಆಗಸ್ಟ್ 21. ಗೌರಿ ಹಬ್ಬ

ಶಂಭು ಬಂದ. ಆರು ತಿಂಗಳಿಂದ ಮಾತಿಲ್ಲ, ಆದರೂ ಬಂದ. ನನ್ನ ಮದುವೆಯಾದ ಮೇಲೆ ಅಪ್ಪ ಒಂದು ವರ್ಷವೂ ಬಾಗಿನ ತಪ್ಪಿಸಿರಲಿಲ್ಲ, ಅಪ್ಪನ ನಂತರ ಇವನು ತಪ್ಪಿಸಿಲ್ಲ. ಮೊರದಲ್ಲಿ ಅಕ್ಕಿ, ಬೆಲ್ಲ, ಬಳೆ, ಕಣ, ಕಾಯಿ. ಮೇಲೆ ಅವ್ವನ ಹಸಿರು ಸೀರೆಯ ಸೆರಗಿನ ತುಂಡು ಮುಚ್ಚಿಕೊಂಡು ಬರುತ್ತಾನೆ. ಆ ತುಂಡನ್ನು ವಾಪಸ್ಸು ಒಯ್ಯುತ್ತಾನೆ, ಬರುವ ವರ್ಷಕ್ಕೆ.

ಹೊಸಿಲ ಹೊರಗೆ ನಿಂತಿದ್ದ. ಒಳಗೆ ಬಾ ಎನ್ನಲಿ ಎಂದು ಕಾಯುತ್ತಿದ್ದ. ಎದೆ ಒಂದು ಕ್ಷಣ ಕರಗಿತು, ಸುಳ್ಳೇಕೆ. ಅವನ ತಲೆಯ ಮೇಲಿಂದ ತೋಪು ಕಂಡಿತು. ಮಾವಿನ ಬುಡ ಬೋಳಾಗಿ ನಿಂತಿತ್ತು. ಅಲ್ಲಿಗೆ ಗಟ್ಟಿಯಾಯಿತು.

ಬಾ ಎಂದೆ. ಹೋಳಿಗೆ ಬಡಿಸಿದೆ. ತುಪ್ಪ ಸುರಿದೆ.

"ಸಿಟ್ಟು ಹೋಯ್ತಾ ಅಕ್ಕ?"

"ಎಷ್ಟು ದಿನ ಇಟ್ಕಳದು ಬುಡು. ಶಂಭು, ಒಂದು ಕೇಳ್ತೀನಿ. ಅಪ್ಪನ ಮರದ್ದು ಬೀಜದ ಕಾಯಿ ಬೇಕು ಕಣೋ. ನಮ್ ಬೀದಿಯೋರೆಲ್ಲ ಒಂದೊಂದು ಕೇಳ್ತಾವ್ರೆ."

"ಅಷ್ಟೇನಾ? ಗಾಡೀಲಿ ಕಳುಸ್ತೀನಿ."

ಅವನ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ ಬಂತು. ಅದು ಒಲೆಯ ಹೊಗೆ.

ಸೆಪ್ಟೆಂಬರ್ 5

ಗಾಡಿ ಬಂತು. ಅಪ್ಪನ ಮರವೆಂದರೆ ತವರಿನ ಬಾವಿಯ ಪಕ್ಕದ್ದು, ಊರಿನ ಅರ್ಧ ತೋಟಗಳಿಗೆ ಬೀಜ ಕೊಟ್ಟ ಮರ. ಮನೆಮನೆಯ ಬಚ್ಚಲ ಹಿಂದೆ ಮರಳು ಹಾಕಿ, ಕಾಯಿಯನ್ನು ಅರ್ಧ ಹೂತು ಇಟ್ಟಿದ್ದೇವೆ. ಸ್ನಾನದ ನೀರು ಸಾಕು ಅದಕ್ಕೆ.

ಹೆಂಗಸರಿಗೆ ನಾನು ಹೇಳಿದ್ದು ಇಷ್ಟೇ: "ಒಂದು ಸಲ ನನ್ ಮಾತು ಕೇಳಿ ಮೋಸ ಹೋದ್ರಿ. ಇನ್ನೊಂದು ಸಲ ಕೇಳ್ರಿ." ಏನು ಮಾಡುತ್ತೇನೆಂದೂ ಹೇಳಿದೆ. ಹನುಮಂತಮ್ಮ ನಗಲು ಶುರುಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ದ್ರಾಕ್ಷಾಯಣವ್ವ, ನಿನ್ನಂಥೋಳು ಶತ್ರೂಗೂ ಅಕ್ಕ ಆಗ್ಬಾರ್ದು ಕಣೇ" ಎಂದಳು. ಆರು ತಿಂಗಳ ಮೇಲೆ ನಮ್ಮ ಮನೆಯಲ್ಲಿ ಕಾಫಿ ಕುಡಿದಳು.

ಜನವರಿ 18, 1983

ಕೊಬ್ಬರಿ ಮಂಡಿಯವರು ಹೊಸ ಡೈರಿ ಕೊಟ್ಟಿದ್ದಾರೆ. ಯಜಮಾನರು ಎಂದಿನಂತೆ ನನಗೆ ದಾಟಿಸಿದರು.

ಮೊಳಕೆ ಬಂದಿದೆ. ನಮ್ಮ ಬಚ್ಚಲ ಹಿಂದೆ ಮೂರು. ಬಿಳಿ ಮೂತಿ, ಕೊಕ್ಕರೆಯ ಕೊಕ್ಕಿನ ಹಾಗೆ. ದಿನಾ ಹೋಗಿ ನೋಡುತ್ತೇನೆ. ನನ್ನ ಮಕ್ಕಳು ಹಲ್ಲು ಬಿಟ್ಟಾಗಲೂ ಇಷ್ಟು ನೋಡಿರಲಿಲ್ಲ.

ಮೇ 29

ಶಂಭು ಕರೆಯಲು ಬಂದಿದ್ದ, ಸರ್ವಮಂಗಳನೂ ಜೊತೆಯಲ್ಲಿ. ಪ್ಲಾನು ಪಾಸಾಯಿತಂತೆ. ಜೂನ್ ಹದಿನೈದಕ್ಕೆ ಭೂಮಿಪೂಜೆ. ಆಷಾಢ ಬರುವ ಮುಂಚೆ ಪಾಯ ತೆಗೆಯಬೇಕಂತೆ. ದೊಡ್ಡ ಮನುಷ್ಯರು ಬರುತ್ತಾರಂತೆ, ಫೋಟೋದವನಿಗೂ ಹೇಳಿದ್ದಾನಂತೆ. ನಮ್ಮ ಬೀದಿಯ ಹೆಂಗಸರು ಆ ಹೊತ್ತಿಗೆ ಗಲಾಟೆ ಮಾಡಿದರೆ ಎಂದು ಭಯ. ಅದಕ್ಕೇ ಬಂದಿದ್ದು.

"ಗಲಾಟೆ ಯಾಕೆ ಮಾಡ್ತಾರೋ? ನಾವೂ ಶುಭ ಕೋರ್ತೀವಿ. ಸೈಟಿಗೊಂದು ತೆಂಗಿನ ಸಸಿ ಇಡ್ತೀವಿ, ಮುತ್ತೈದೇರು ಸೇರಿ."

"ನಿಜ್ವಾಗ್ಲೂ?"

"ಹಸನು ಮಾಡಿದ ನೆಲಾನ ಖಾಲಿ ಬುಡಬಾರ್ದು ಅಂದೋನು ನೀನೇ ಅಲ್ವಾ."

ಬಗ್ಗಿ ಕಾಲು ಮುಟ್ಟಿದ. "ನೀನು ಅವ್ವ ಇದ್ದಂಗೆ ಕಣಕ್ಕ" ಎಂದ. ಸರ್ವಮಂಗಳ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಅತ್ತಿಗೆ, ಅವ್ರಿಗೆ ಏನೂ ತಿಳಿಯಾಕಿಲ್ಲ, ಮಾತಿಗೆ ಮರುಳಾಗ್ತಾರೆ" ಎಂದಳು. ಎಲ್ಲ ಅರ್ಥವಾಗಿದೆ ಇವಳಿಗೆ ಎನಿಸಿತು. ಅರಿಶಿನ ಕುಂಕುಮ ಕೊಟ್ಟು ಕಳಿಸಿದೆ.

ಜೂನ್ 15. ಬುಧವಾರ

ಎಲ್ಲ ಅಂದುಕೊಂಡ ಹಾಗೇ ಆಯಿತು.

ಶಾಮಿಯಾನ, ಮೈಕು, ಕುರ್ಚಿ. ದೊಡ್ಡವರು ಬಂದರು, ಹಾರ ಹಾಕಿಸಿಕೊಂಡರು. ಸೈಟು ತೆಗೆದುಕೊಂಡವರೆಲ್ಲ ಹೆಂಡತಿ ಮಕ್ಕಳ ಜೊತೆ. ಭಾಷಣ ಮುಗಿದ ಮೇಲೆ ನಾವು ಹೊರಟೆವು. ಬೀದಿಯ ಹೆಂಗಸರೆಲ್ಲ, ತಲೆಯ ಮೇಲೆ ಸಸಿ. ಒಳ್ಳೆಯ ಸಸಿಗಳು, ಸೊಂಟದೆತ್ತರ. ಫೋಟೋದವನು ಕುಣಿದಾಡಿಬಿಟ್ಟ.

ಒಂದೊಂದು ಸೈಟಿಗೂ ಒಂದೊಂದು. ಮೂಲೆಯಲ್ಲಲ್ಲ. ನಟ್ಟನಡುವೆ, ನಡುಮನೆ ಬರುವ ಜಾಗದಲ್ಲಿ. ಗುಂಡಿ ತೆಗೆದು, ಉಪ್ಪು ಬೂದಿ ಹಾಕಿ, ಸಸಿ ಇಟ್ಟು ಮಣ್ಣು ತುಳಿದೆವು.

ಅಷ್ಟೇ ಆಗಿದ್ದರೆ ಕಿತ್ತು ಬೇರೆ ಕಡೆ ನೆಡಬಹುದಿತ್ತು. ಅದು ನನಗೂ ಗೊತ್ತು.

ಆಮೇಲೆ ಮಡಿಲು ತುಂಬಿದೆವು. ಪ್ರತಿ ಸಸಿಗೂ. ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಕಣದ ಬಟ್ಟೆ ಸುತ್ತಿ, ಬುಡಕ್ಕೆ ಅಕ್ಕಿ, ಬೆಲ್ಲ, ಎಲೆ ಅಡಿಕೆ. ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗ ಮಾಡುವ ಹಾಗೆ. ಸೋಬಾನೆ ಹೇಳಿದಳು ಹನುಮಂತಮ್ಮ, ದೂರ ನಿಂತು. ಅವಳ ದನಿಗೆ ದೊಡ್ಡವರೂ ಎದ್ದು ನಿಂತರು. ಸೈಟಿನವರ ಹೆಂಡತಿಯರು ತಾವಾಗಿಯೇ ಬಂದು ಸೇರಿಕೊಂಡರು. ತಮ್ಮ ತಮ್ಮ ಸಸಿಗೆ ತಾವೇ ಕುಂಕುಮ ಇಟ್ಟರು.

ಒಂದನೇ ನಂಬರು ಶಂಭುವಿನದು. ಅವನನ್ನು ಕೂಗಿದೆ. "ಅಪ್ಪನ ಮರದ ಕಾಯಿ ತಾನೆ, ನಿಮ್ಮನೆ ಹೆಣ್ಣು. ತವ್ರಿನ ಅಕ್ಕಿ ಮೊದ್ಲು ನೀನೇ ಹಾಕು." ಗಂಡಸರು ಅಕ್ಕಿ ಹಾಕುವ ಪದ್ಧತಿ ಇಲ್ಲ. ಇವತ್ತಿನ ಮಟ್ಟಿಗೆ ಪದ್ಧತಿ ನಾನೇ.

ಬಂದ. ಎರಡೂ ಕೈಯಲ್ಲಿ ಅಕ್ಕಿ ತುಂಬಿ ಹಾಕಿದ. ಅದೂ ಫೋಟೋ ಆಯಿತು.

ಜೂನ್ 27

ಮೇಸ್ತ್ರಿ ಗಂಗಣ್ಣ ಆಳು ಕರೆದುಕೊಂಡು ಪಾಯ ತೆಗೆಯಲು ಬಂದ. ಮೊದಲ ಸೈಟಿನಲ್ಲಿ ಹಗ್ಗ ಹಿಡಿದು ನೋಡಿದ. ಎರಡನೆಯದಕ್ಕೆ ಹೋದ. ಮೂರನೆಯದಕ್ಕೆ ಹೋದ. ಆಮೇಲೆ ಹುಣಸೆಮರದ ಕೆಳಗೆ ಕೂತು ಬೀಡಿ ಹಚ್ಚಿದ. ನಾನು ಜಗಲಿಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದೆ. ಕಾಳೇ ಇರಲಿಲ್ಲ, ಸುಮ್ಮನೆ ಮೊರ ಇಟ್ಟುಕೊಂಡಿದ್ದೆ. ಜೂನ್ ತಿಂಗಳಲ್ಲಿ ಎಲ್ಲಿಯ ಅವರೆ.

ಶಂಭು ಬಂದು ಕೂಗಾಡಿದ. ಗಂಗಣ್ಣ ಎದ್ದ.

"ನಾನು ಮಕ್ಕಳೊಂದಿಗ ಕಣ್ರೀ. ತೆಂಗಿನ ಸಸಿ ಕೀಳೋದೇ ತಪ್ಪು. ಮಡ್ಲು ತುಂಬಿದ್ದನ್ನ ಕಿತ್ರೆ ಉಳಿತೀನಾ? ಹೆಣ್ಣನ್ನ ಬಂದ ಮನೆಯಿಂದ ಓಡ್ಸಿದಂಗೆ."

"ಎರಡರಷ್ಟು ಕೂಲಿ ಕೊಡ್ತೀನಿ."

"ಬೇರೇರ್‍ನ ನೋಡ್ಕಳಿ."

ಬೇರೆಯವರು ಯಾರು? ಈ ಸೀಮೆಯಲ್ಲಿ ಗುದ್ದಲಿ ಹಿಡಿಯುವವನೂ ತೆಂಗಿನ ನೀರು ಕುಡಿದೇ ಬೆಳೆದವನು.

ಜುಲೈ 3. ಭಾನುವಾರ

ಇವತ್ತು. ಇದನ್ನು ಸಾವಧಾನವಾಗಿ ಬರೆಯಬೇಕು, ಒಂದು ಮಾತೂ ಬಿಡದೆ.

ಸೈಟಿನವರೆಲ್ಲ ಸೇರಿದ್ದರು. ಹಂದನಕೆರೆಯವನ ಹೆಂಡತಿ ಸಸಿ ಇರುವ ಕಡೆ ಮನೆ ಬೇಡವೇ ಬೇಡ ಎಂದು ಹಟ ಹಿಡಿದಿದ್ದಾಳಂತೆ. ಅರಳಗುಪ್ಪೆಯವರು ಸೈಟು ವಾಪಸ್ಸು ಎನ್ನುತ್ತಿದ್ದಾರೆ. ಶಂಭು ಎಲ್ಲರಿಗೂ ಧೈರ್ಯ ತೋರಿಸಲು ತಾನೇ ಹಾರೆ ಹಿಡಿದು ಬಂದ.

"ಎಲ್ರೂ ನೋಡ್ರಿ. ನನ್ನ ಸೈಟಿಂದೇ ಶುರು. ಕಿತ್ತು ಆಚೆ ನೆಡ್ತೀನಿ. ಏನಾಯ್ತದೆ ನೋಡೇಬುಡಾಣ."

ಇದಕ್ಕೇ ಕಾದಿದ್ದೆ. ಹೋಗಿ ಸಸಿಯ ಪಕ್ಕ ನಿಂತೆ. ಅಡ್ಡ ನಿಲ್ಲಲಿಲ್ಲ, ಪಕ್ಕ. ದನಿ ಎತ್ತಲಿಲ್ಲ.

"ಕೀಳಪ್ಪ. ಯಾರೂ ತಡಿಯಲ್ಲ. ಅಕ್ಕಿ ಹಾಕ್ದೋನು ನೀನು, ಅದ್ಕೆ ತವ್ರು ನೀನು. ಇನ್ಮೇಲೆ ಅದೇ ನಿಮ್ಮಕ್ಕ ಅಂತ ತಿಳ್ಕ. ತವ್ರಿನೋನೇ ಜುಟ್ಟು ಹಿಡ್ದು ಆಚೆಗೆ ನೂಕ್ದ ಅಂತ ಊರು ನೋಡ್ಲಿ."

ಹಾರೆ ಎತ್ತಿದ. ಎತ್ತಿದವನು ಹಾಗೇ ನಿಂತ. ಬಿಸಿಲು. ಸರ್ವಮಂಗಳ ಎಲ್ಲಿದ್ದಳೋ, ಓಡಿಬಂದು ಅವನ ತೋಳು ಹಿಡಿದುಕೊಂಡಳು. "ಬ್ಯಾಡ ಕಣ್ರೀ, ಬ್ಯಾಡ ಕಣ್ರೀ" ಎನ್ನುತ್ತಿದ್ದಳು.

ಹಾರೆ ಕೆಳಗೆ ಬಿತ್ತು.

ಅಷ್ಟರಲ್ಲಿ ಹಿಂದಿನಿಂದ ಹನುಮಂತಮ್ಮ: "ಹಸನಾಯ್ತು ಬುಡಪ್ಪ." ಇಡೀ ತೋಪು ನಕ್ಕಿತು. ಸೈಟಿನವರೂ ನಕ್ಕರು. ಗಂಗಣ್ಣನ ಆಳುಗಳೂ ನಕ್ಕರು.

ಅವನು ನನ್ನ ಮುಖ ನೋಡಿದ. ಚಿಕ್ಕವನಿದ್ದಾಗ ಬಿದ್ದರೆ ಅಳುವ ಮುಂಚೆ ಹೀಗೇ ನೋಡುತ್ತಿದ್ದ, ಎತ್ತಿಕೊಳ್ಳುತ್ತೇನೋ ಇಲ್ಲವೋ ಎಂದು. ನಾನು ಎತ್ತಿಕೊಳ್ಳಲಿಲ್ಲ.

ಹೊಟ್ಟೆ ತಣ್ಣಗಾಯಿತು. ಒಂದೂವರೆ ವರ್ಷದಿಂದ ಉರಿಯುತ್ತಿದ್ದ ಹೊಟ್ಟೆ. ರಾತ್ರಿ ಎರಡು ಮುದ್ದೆ ಉಂಡೆ.

ಜುಲೈ 24

ಬೋರ್ಡು ಇಳಿಸಿದರು. ಸಂಘ ಬರಖಾಸ್ತಂತೆ. ಸೈಟಿನವರು ಒಬ್ಬೊಬ್ಬರಾಗಿ ಬಿಟ್ಟುಕೊಟ್ಟರು. ನಂಬರಿನ ಕಲ್ಲುಗಳನ್ನು ಹನುಮಂತಮ್ಮ ಕಿತ್ತು ತಂದು ಒಲೆ ಮಾಡಿಕೊಂಡಿದ್ದಾಳೆ. ಹೊಂಗೆಯ ಕೆಳಗೆ ಮತ್ತೆ ಸೋಗೆ ಹೆಣೆಯುತ್ತಿದ್ದಾಳೆ. ಬೀದಿಯಲ್ಲಿ ಯಾವ ಮನೆಗೆ ಹೋದರೂ ನನಗೆ ಮಣೆ ಹಾಕುತ್ತಾರೆ.

ತವರಿನ ಬಾವಿಯ ಕಡೆಯ ತೋಟ ಮಾರಾಟಕ್ಕಿದೆ ಎಂದು ಯಜಮಾನರು ಮಂಡಿಯಲ್ಲಿ ಕೇಳಿಕೊಂಡು ಬಂದರು. ಸೈಟಿನ ದುಡ್ಡು ಹಿಂದಕ್ಕೆ ಕೊಡಬೇಕಲ್ಲ ಎಲ್ಲರಿಗೂ. ಅಪ್ಪನ ಮರವೂ ಅದರಲ್ಲೇ ಹೋಗುತ್ತದೆ. ಮಾಡಿದ್ದುಣ್ಣೋ ಮಾರಾಯ.

ಅಪ್ಪನ ಮರ ತೋಪಿನಲ್ಲಿ ಇಪ್ಪತ್ತೆಂಟಿವೆ ಎಂದೆ.

ಆಗಸ್ಟ್ 16

ನಲ್ಲಿಯ ಹತ್ತಿರ ಸರ್ವಮಂಗಳ ಸಿಕ್ಕಳು. ಕೊಡ ತುಂಬುವ ಮುಂಚೆಯೇ ಎತ್ತಿಕೊಂಡು ಹೋದಳು. ಅವಳನ್ನು ಈಗ ಯಾರೂ ಅರಿಶಿನ ಕುಂಕುಮಕ್ಕೆ ಕರೆಯುತ್ತಿಲ್ಲವಂತೆ. ಸಸಿ ಕೀಳಹೋದವನ ಹೆಂಡತಿ ಎಂದು. ನಾನು ಹಾಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಹಿಡಿದು ನಿಲ್ಲಿಸಿದವಳೇ ಅವಳು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಶ್ರಾವಣ ಶುರುವಾಗಿದೆ. ಹಬ್ಬಕ್ಕೆ ಇನ್ನು ಬಹಳ ದಿನವಿಲ್ಲ.

ಸೆಪ್ಟೆಂಬರ್ 4

"ಈ ಸಲ ಬಾಗಿನ ಬರಾಕಿಲ್ಲ ಕಣೇ" ಎಂದರು ಯಜಮಾನರು, ಊಟ ಮಾಡುತ್ತಾ.

"ಬತ್ತಾನೆ."

"ಹೆಂಗೆ ಹೇಳ್ತೀಯ?"

ಬರುತ್ತಾನೆ. ಅವನಿಗೆ ಇನ್ನೊಬ್ಬ ಅಕ್ಕ ಇಲ್ಲ, ತಂಗಿ ಇಲ್ಲ. ಹೋದ ವರ್ಷದ ಹಾಗೇ ಹೊಸಿಲ ಹೊರಗೆ ನಿಲ್ಲುತ್ತಾನೆ. ಈ ಸಲ ತಕ್ಷಣ ಬಾ ಎನ್ನುವುದಿಲ್ಲ. ನಿಂತಿರಲಿ. ಬೀದಿ ನೋಡಲಿ. ತೋಪಿನ ಮಾವು ಎಲ್ಲಿ ಎಂದು ಮೊದಲು ಕೇಳುತ್ತೇನೆ. ಅವನು ತಪ್ಪಾಯ್ತು ಅಕ್ಕ ಎನ್ನಬೇಕು. ಆಮೇಲೆ ಒಳಗೆ.

ಸೆಪ್ಟೆಂಬರ್ 9. ಗೌರಿ ಹಬ್ಬ. ಬೆಳಗ್ಗೆ

ಪೂಜೆ ಮುಗಿಯಿತು. ಕಾಯಿ ಹೋಳಿಗೆ ಮಾಡಿದ್ದೇನೆ. ನಮ್ಮ ಮನೆಯಲ್ಲಿ ಕಾಯಿ ಹೋಳಿಗೆ ತಿನ್ನುವವರು ಯಾರೂ ಇಲ್ಲ, ಎಲ್ಲರಿಗೂ ಬೇಳೆಯದೇ ಬೇಕು. ಇರಲಿ. ಹಸಿರು ಸೀರೆ ಉಟ್ಟಿದ್ದೇನೆ. ಹೊಸಿಲು ಎರಡು ಸಲ ತೊಳೆದೆ.

ಹನ್ನೊಂದು ಗಂಟೆ

ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ. ಬೀದಿಯ ಎಲ್ಲ ಮನೆಗೂ ತವರಿನವರು ಬಂದು ಹೋದರು. ಹನುಮಂತಮ್ಮನಿಗೆ ಬಾಗಿನವಿಲ್ಲ, ಆದರೂ ಅವಳ ಅಣ್ಣ ಕುಂಟಿಕೊಂಡು ಬಂದು ನೋಡಿ ಹೋದ.

ಬರುತ್ತಿದ್ದಾನೆ. ಹೇಳಲಿಲ್ಲವೇ ನಾನು. ತೋಪಿನ ಆ ತುದಿಯಿಂದ. ರಾಜದೂತ್ ಇಲ್ಲ, ನಡೆದೇ. ಬಿಳಿ ಪಂಚೆ. ಇಳಿದುಹೋಗಿದ್ದಾನೆ. ಎರಡೂ ಕೈಯಲ್ಲಿ ಮೊರ, ಮೇಲೆ ಅವ್ವನ ಹಸಿರು ಸೆರಗು. ಜಗಲಿಗಳಲ್ಲಿ ಎಲ್ಲರೂ ಎದ್ದು ನಿಂತಿದ್ದಾರೆ. ನಿಲ್ಲಲಿ. ನೋಡಲಿ.

ಮೊದಲು ಮಾವು ಎಲ್ಲಿ ಎಂದು ಕೇಳಬೇಕು. ಇಲ್ಲ, ಮೊದಲು ಒಳಗೆ ಕರೆದುಬಿಡೋಣ. ಕೇಳುವುದು ಊಟವಾದ ಮೇಲೂ ಆಗುತ್ತದೆ.

ನಿಂತ. ಒಂದನೇ ನಂಬರಿನ ಸಸಿಯ ಹತ್ತಿರ ನಿಂತ. ಯಾಕೆ?

ಮೊರ ಕೆಳಗಿಟ್ಟ. ಸಸಿಯ ಮುಂದೆ. ಕೂತ. ಗರಿಗೆ ಅರಿಶಿನ ಹಚ್ಚುತ್ತಿದ್ದಾನೆ. ಕುಂಕುಮ. ಬಳೆಯನ್ನು ಗರಿಗೆ ಸಿಕ್ಕಿಸುತ್ತಿದ್ದಾನೆ. ಹನುಮಂತಮ್ಮ ಹೊಂಗೆಯ ಕೆಳಗಿನಿಂದ ಕೂಗಿದಳು: "ಅಕ್ಕನ ಮನೆ ಆ ಕಡೆಗಲ್ವೇನಪ್ಪ?"

ಅವನು ಜೋರಾಗಿ ಹೇಳಲಿಲ್ಲ. ಆದರೂ ಇಲ್ಲಿಗೆ ಕೇಳಿಸಿತು, ಬೀದಿ ಅಷ್ಟು ಸುಮ್ಮನಿತ್ತು.

"ನಮ್ಮಕ್ಕ ಇಲ್ಲೇ ಅವ್ಳೆ ಕಣಮ್ಮ. ಅವ್ಳೇ ಹೇಳಿದ್ದು."

ಎದ್ದ. ನಮಸ್ಕಾರ ಮಾಡಿದ, ಸಸಿಗೆ. ಹೊರಟ. ತಿರುಗಿ ನೋಡಲಿಲ್ಲ. ಅವ್ವನ ಸೆರಗಿನ ತುಂಡನ್ನು ವಾಪಸ್ಸು ಒಯ್ಯಲಿಲ್ಲ, ಅಲ್ಲೇ ಬಿಟ್ಟ. ಬರುವ ವರ್ಷಕ್ಕೆ ಬೇಡ ಎಂದು ತಾನೇ ಅರ್ಥ.

"ಬಂದ್ನೇನೇ?" ಎಂದು ಯಜಮಾನರು ಒಳಗಿನಿಂದ ಕೇಳುತ್ತಿದ್ದಾರೆ. ಎಲೆ ಹಾಕಿದ್ದಾರೆ, ಒಂದು ಜಾಸ್ತಿ.

ಹೋಗಲಿ. ತೋಪು ಉಳಿಯಿತು. ನಾನು ಉಳಿಸಿದೆ. ಬೇಕಾಗಿದ್ದು ಅದೇ. ಅವನ ತಲೆ ತಗ್ಗಿಸಿದೆ, ಅದೂ ಆಯಿತು. ಇನ್ನೇನು ಬೇಕಿತ್ತು ನನಗೆ.

ಯಾರದೋ ಆಡು ಬಂದಿದೆ. ಮೊರವನ್ನು ಮೂಸುತ್ತಿದೆ. ಸೆರಗಿನ ತುಂಡಿಗೆ ಬಾಯಿ ಹಾಕಿತು. ಯಾರೂ ಓಡಿಸುತ್ತಿಲ್ಲ. ಇಷ್ಟು ಜನ ನಿಂತು ನೋಡುತ್ತಿದ್ದಾರೆ, ಒಬ್ಬರೂ ಓಡಿಸುತ್ತಿಲ್ಲ, ಅದು ನನ್ನ—